ಗಡಿಗೆ ಒಡೆಯುವ ಮೊದಲು

ಧಾರವಾಡದ ಮಿಶನ್ ಕಂಪೌಂಡಿನಲ್ಲಿ ಉಪದೇಶಿ ಪಂಢರಿನಾಥ ಮಾಸ್ತರರು ಓಡಿದ್ದನ್ನು ಕಂಡವರು ಒಬ್ಬರೂ ಇರಲಿಲ್ಲ. ಮಳೆ ಬಂದರೆ ಅವರು ನಡೆಯುತ್ತಲೇ ತೊಯ್ಯುತ್ತಿದ್ದರು. ಒಮ್ಮೆ ಸಾಲೆಯ ಹಿಂದಿನ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಮಂದಿಯೆಲ್ಲ ಕೊಡ ಹಿಡಿದು ಓಡಿದ್ದರು. ಮಾಸ್ತರರು ಮಾತ್ರ ರುಮಾಲು ಸುತ್ತಿ, ಶಲ್ಯ ಸರಿಮಾಡಿಕೊಂಡು, ನಿಧಾನವಾಗಿ ಬಂದು ನಿಂತು, "ನೀರು ಗಾಳಿ ಬರೋ ಕಡಿಯಿಂದ ಹಾಕ್ರಿ" ಎಂದು ಬುದ್ಧಿ ಹೇಳಿದ್ದರು. ಬಣವೆ ಸುಟ್ಟು ಬೂದಿಯಾಯಿತು, ಅವರ ನಿರಿಗೆ ಕೆಡಲಿಲ್ಲ. ಮಂದಿ ಇದನ್ನು ಹೇಳಿಕೊಂಡು ನಗುತ್ತಿದ್ದರು, ಅವರ ಬೆನ್ನ ಹಿಂದೆ. ಗೌರವಸ್ಥ ಮನುಷ್ಯ ಓಡುವುದಿಲ್ಲ ಎಂಬ ಪಾಠವನ್ನು ಮಾಸ್ತರರು ಸುವಾರ್ತೆಯಿಂದ ಕಲಿತಿರಲಿಲ್ಲ. ಅಪ್ಪನಿಂದ ಕಲಿತಿದ್ದರು.

ಅಪ್ಪ ಊರಿನ ದೊಡ್ಡ ವೈದಿಕ ಮನೆತನದವರು. ಮಗ ಇಪ್ಪತ್ತನೆಯ ವಯಸ್ಸಿಗೆ ಮಿಶನ್ನಿನವರ ನೀರು ಮುಟ್ಟಿಸಿಕೊಂಡು ಕ್ರಿಸ್ತನವನಾದ. ಹೆಸರು ಬದಲಿಸಿಕೋ ಎಂದ ಪಾದ್ರಿಗೆ, "ಹೆಸರು ಏನು ತಪ್ಪು ಮಾಡೇದ್ರಿ?" ಎಂದು ಕೇಳಿ ಪಂಢರಿನಾಥನಾಗಿಯೇ ಉಳಿದ. ಎಂಟು ದಿನದೊಳಗೆ ಮನೆಯವರು ಘಟಸ್ಫೋಟ ಮಾಡಿದರು. ಬದುಕಿರುವವನಿಗೆ ಸತ್ತವನ ಕರ್ಮ. ಊರ ಹೊರಗಿನ ಕೆರೆಯ ದಂಡೆಯಲ್ಲಿ, ಸಂಜೆಯ ಹೊತ್ತು, ಬಂಧುಬಳಗವೆಲ್ಲ ನಿಂತಿರಲು, ಮನೆಯ ಕೆಲಸದವಳು ನೀರು ತುಂಬಿದ ಗಡಿಗೆಯನ್ನು ಕಾಲಿನಿಂದ ಒದ್ದು ಉರುಳಿಸಿ ಒಡೆದಳು. ಇನ್ನು ಇವನು ನಮ್ಮವನಲ್ಲ, ಇವನಿಗೆ ನೀರಿಲ್ಲ, ಪಾಲಿಲ್ಲ. ಪಂಢರಿನಾಥ ದೂರದ ಹುಣಸೆಮರದ ಮರೆಯಲ್ಲಿ ನಿಂತು ಇದನ್ನೆಲ್ಲ ಕಂಡಿದ್ದ. ತಾಯಿ ಕಾಶೀಬಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅಪ್ಪ ಮುಳುಗು ಹಾಕಿ ಎದ್ದು ದಂಡೆಗೆ ಬಂದವರು ಮರದ ಕಡೆ ನೋಡಿದರು. ಒಂದು ಗಳಿಗೆ ಹಾಗೇ ನೋಡಿ, ಬಗ್ಗಿ, ಧೋತರದ ನಿರಿಗೆಗಳನ್ನು ಮುಷ್ಟಿಯಲ್ಲಿ ಹಿಡಿದರು, ಆಮೇಲೆ ಬಿಟ್ಟರು. ಒದ್ದೆ ಹಿಂಡಿಕೊಳ್ಳುತ್ತಿದ್ದಾರೆ ಎಂದುಕೊಂಡ ಪಂಢರಿನಾಥ. ನಂತರ ಹನ್ನೊಂದು ವರ್ಷ ಅಪ್ಪ ಬದುಕಿದ್ದರು. ಪೇಟೆಯಲ್ಲಿ ಎದುರಾದಾಗಲೆಲ್ಲ ಮಗನನ್ನು ಗೋಡೆಯೋ ಎಂಬಂತೆ ದಾಟಿ ಹೋದರು.

ಆ ಗಡಿಗೆಯ ಚೂರುಗಳನ್ನು ಹೊಟ್ಟೆಯೊಳಗೆ ಇಟ್ಟುಕೊಂಡೇ ಪಂಢರಿನಾಥ ಮಾಸ್ತರರಾದರು, ಉಪದೇಶಿಯಾದರು, ಮಿಶನ್ನಿನ ಕ್ರೈಸ್ತ ಸಭೆಯ ಹಿರಿಯರಲ್ಲಿ ಒಬ್ಬರಾದರು. ಮಿಶನ್ನಿನ ಅನಾಥಾಲಯದಲ್ಲಿ ಬೆಳೆದ ಸುಲಭಾಳನ್ನು ಮದುವೆಯಾದರು. ಸುಲಭಾಬಾಯಿ ಹೆರಿಗೆ ಮಾಡಿಸುವುದರಲ್ಲಿ ಪಳಗಿದವಳು, ಕಂಪೌಂಡಿನ ಅರ್ಧ ಮಕ್ಕಳು ಅವಳ ಕೈಯಲ್ಲೇ ಲೋಕ ಕಂಡಿದ್ದವು. ಅವಳ ಸ್ವಂತದ್ದು ಮಾತ್ರ ಒಂದೇ, ನಿರುಪಮಾ.

ಮಾಸ್ತರರಿಗೆ ಜೀವನದಲ್ಲಿ ನಿಜವಾದ ಸುಖ ಕೊಟ್ಟ ಕೆಲಸವೆಂದರೆ ಜರ್ಮನ್ ಪಾದ್ರಿ ಸಾಹೇಬರ ಜೊತೆ ಕೂತು ಓದುವುದು. ಪಾದ್ರಿಗಳ ಹತ್ತಿರ ದಿಂಬಿನಷ್ಟು ದಪ್ಪದ ಪುಸ್ತಕಗಳಿದ್ದವು. ಯೇಸು ಇದ್ದ ಕಾಲದ ಯೆಹೂದ್ಯರು ಹೇಗೆ ಉಣ್ಣುತ್ತಿದ್ದರು, ಹೇಗೆ ಹೆಣ್ಣು ಕೊಡುತ್ತಿದ್ದರು, ಯಾರನ್ನು ಮುಟ್ಟಿದರೆ ಮೈಲಿಗೆ, ಎಲ್ಲ ಅದರಲ್ಲಿತ್ತು. ಪಾದ್ರಿಗಳು ಓದಿ ಹೇಳುವುದು, ಮಾಸ್ತರರು ಕನ್ನಡ ಮಾಡುವುದು, ನಿರುಪಮಾ ಅದನ್ನು ದುಂಡಗೆ ಪ್ರತಿ ತೆಗೆಯುವುದು. ಪಾದ್ರಿಗಳಿಗೆ ಪುಸ್ತಕ ನೋಡಿ ತಿಳಿಯುತ್ತಿದ್ದದ್ದು ಮಾಸ್ತರರಿಗೆ ಬಾಲ್ಯ ನೆನೆದರೆ ತಿಳಿಯುತ್ತಿತ್ತು. ಬಾವಿಯ ಹತ್ತಿರ ಬೇರೆ ಜಾತಿಯ ಹೆಂಗಸಿನ ಕೊಡದಿಂದ ಯೇಸು ನೀರು ಬೇಡಿದ ಎಂದರೆ ಏನಾಯಿತು ಎಂಬುದನ್ನು ಧಾರವಾಡದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಯೇಸು ಹೇಳಿದ, ಮನೆಬಿಟ್ಟು ಹೋಗಿ ಹಾಳಾಗಿ ತಿರುಗಿ ಬಂದ ಮಗನ ಕತೆ ಬಂದಾಗ ಪಾದ್ರಿಗಳು ಕೇಳಿದ್ದರು, "ಮಾಸ್ತರರೇ, ಮಗನನ್ನು ದೂರದಲ್ಲಿ ಕಂಡು ತಂದೆಯು ಓಡಿದನು. ಇದರಲ್ಲಿ ಏನು ವಿಶೇಷವು? ನಾನೂ ದಿನಾಲು ಓಡುತ್ತೇನೆ." ಅದು ಖರೆಯೇ. ಪಾದ್ರಿಗಳು ಗಾಳಿಗೆ ಹಾರಿದ ಟೊಪ್ಪಿಗೆಯ ಬೆನ್ನು ಹತ್ತಿ ಕಂಪೌಂಡಿನ ತುಂಬ ಓಡಿದ್ದನ್ನು ಎಲ್ಲರೂ ಕಂಡಿದ್ದರು.

"ಸಾಹೇಬರ," ಎಂದಿದ್ದರು ಮಾಸ್ತರರು, "ಮನಿ ಯಜಮಾನ, ವಯಸ್ಸಾದಂವಾ, ನಿಲುವಂಗಿ ಮೊಣಕಾಲತನಾ ಎತ್ತಿ ಹಿಡದು ಊರ ಮಂದಿ ಮುಂದ ಓಡೂದಂದ್ರ ಬತ್ತಲಾದಂಗ. ಅವನ ಕಾಲು ಅವನ ಹೇಣ್ತಿ ಸುದ್ದಾ ಹಗಲಿನ್ಯಾಗ ನೋಡಿರೂದಿಲ್ಲ."

ಆಗ ಪಾದ್ರಿಗಳು ದಪ್ಪ ಪುಸ್ತಕ ಹುಡುಕಿ ಇನ್ನೊಂದು ಸಂಗತಿ ತೆಗೆದರು. ಯೆಹೂದ್ಯರಲ್ಲಿ ಒಬ್ಬ ತನ್ನ ಹಿರಿಯರ ಹೊಲವನ್ನು ಪರಕೀಯರಿಗೆ ಮಾರಿದರೆ, ಇಲ್ಲವೆ ಕುಲಕ್ಕೆ ಒಪ್ಪದ ಸಂಬಂಧ ಮಾಡಿಕೊಂಡರೆ, ಬಂಧುಗಳು ಹುರಿದ ಕಾಳು ತುಂಬಿದ ಗಡಿಗೆ ತಂದು ಬೀದಿಯಲ್ಲಿ ಎಲ್ಲರ ಮುಂದೆ ಒಡೆಯುತ್ತಿದ್ದರಂತೆ. ಇಂಥವನು ತನ್ನವರಿಂದ ಕಡಿದುಹೋದ ಎಂದು ಸಾರುತ್ತಿದ್ದರಂತೆ. ಮಾಸ್ತರರ ಕೈಯಲ್ಲಿನ ಲೇಖಣಿಕೆ ನಿಂತಿತು.

"ನಮ್ಮಲ್ಲೂ ಅದ ಸಾಹೇಬರ."

"ಪುನಃ ಬಂದರೆ?" ಎಂದರು ಪಾದ್ರಿಗಳು. "ಇವರಲ್ಲಿ ತಿರುಗಿ ಬಂದವನಿಗಾಗಿ ಇನ್ನೊಂದು ಗಡಿಗೆಯು ಇತ್ತು. ತನ್ನ ಪಾಲಿಗೆ ತಿರುಗಿ ಬಂದನು ಎಂದು ಹೇಳುತ್ತಿದ್ದರು."

"ಶಾಸ್ತ್ರದಾಗ ನಮ್ಮಲ್ಲೂ ಅದ. ಪ್ರಾಯಶ್ಚಿತ್ತ ಆದಮ್ಯಾಲೆ ಹೊಸಾ ಗಡಿಗಿಯೊಳಗ ನೀರು ತುಂಬಿ, ಅವನ ಜೋಡಿ ಎಲ್ಲಾರೂ ಸ್ನಾನ ಮಾಡೂದು. ಆದ್ರ ಆ ಎರಡನೇ ಗಡಿಗಿ ಧಾರವಾಡದಾಗ ಯಾರೂ ನೋಡಿಲ್ಲ."

ಸುವಾರ್ತೆಯಲ್ಲಿಲ್ಲದ್ದನ್ನು ಮಾಸ್ತರರು ತಾವೇ ಜೋಡಿಸಿಕೊಂಡರು. ಮಗ ಬರುತ್ತಾನೆಂದರೆ ಊರಿನವರು ಗಡಿಗೆ ಹಿಡಿದು ಕಾದಿರುತ್ತಾರೆ. ತಂದೆಗೆ ಅದು ಗೊತ್ತು. ಅದಕ್ಕೇ ಅವನು ಓಡಿದ, ಗಡಿಗೆ ಒಡೆಯುವ ಮೊದಲು ಮಗನನ್ನು ಮುಟ್ಟಬೇಕೆಂದು. ಕಾಲು ಬತ್ತಲೆ ಮಾಡಿಕೊಂಡು ಓಡುವ ಮುದುಕನನ್ನು ನೋಡಿ ಊರೆಲ್ಲ ನಕ್ಕಿತು. ಆ ನಗೆ ಮಗನ ಮೇಲೆ ಬೀಳಬೇಕಾದದ್ದು ತಂದೆಯ ಮೇಲೆ ಬಿತ್ತು.

ಇದನ್ನು ಪ್ರತಿ ತೆಗೆದ ದಿನ ನಿರುಪಮಾ ಕಣ್ಣು ಮಿಟುಕಿಸಿ ಕೇಳಿದ್ದಳು, "ಅಪ್ಪಾ, ನಾ ಹಂಗ ಹೋಗಿ ಬಂದ್ರ ನೀ ಓಡತೀ ಏನು?"

"ನೀ ಹೋಗೂದೂ ಇಲ್ಲ, ನಾ ಓಡೂದೂ ಇಲ್ಲ. ಸುಮ್ಮನ ಬರಿ," ಎಂದಿದ್ದರು ಮಾಸ್ತರರು.

ಅವಳು ಹೋದಳು. ಮಿಶನ್ನಿನ ದೇವಾಲಯದ ಹಾರ್ಮೋನಿಯಂ ರಿಪೇರಿಗೆ ಹುಬ್ಬಳ್ಳಿಯಿಂದ ಹುಸೇನಬಾಷಾ ಎಂಬ ಹುಡುಗ ಬರುತ್ತಿದ್ದ. ಮೂರು ಸಲ ಬಂದರೂ ಒಂದು ಸ್ವರ ಸರಿಯಾಗುವುದಿಲ್ಲ ಎಂದಾಗಲೇ ಹಿರಿಯರಿಗೆ ಸಂಶಯ ಬರಬೇಕಿತ್ತು. ನಾಲ್ಕನೆಯ ಸಲ ಹಾರ್ಮೋನಿಯಂ ಸರಿಯಾಯಿತು, ನಿರುಪಮಾ ಇರಲಿಲ್ಲ. ಹುಬ್ಬಳ್ಳಿಯ ಕೇಶ್ವಾಪುರದ ಕಡೆ ಒಂದು ಸಣ್ಣ ಮನೆಯಲ್ಲಿ ನಿಕಾಹ್ ಮಾಡಿಕೊಂಡು, ಅತ್ತೆ ಹಾಜರಾಬಿಯ ಜೊತೆ ಇದ್ದಾಳೆಂದು ತಿಳಿಯಿತು. ಸಭೆ ತನ್ನ ಪುಸ್ತಕದಿಂದ ಅವಳ ಹೆಸರನ್ನು ಹೊಡೆದುಹಾಕಿತು. ಸಭೆಯ ಬರವಣಿಗೆಯೆಲ್ಲ ಮಾಸ್ತರರದ್ದೇ. ಮಗಳ ಹೆಸರಿನ ಮೇಲೆ ಗೆರೆ ಎಳೆದವರೂ ಅವರೇ. ಗೆರೆ ಸೊಟ್ಟಗಾಗಬಾರದೆಂದು ರೂಲುಕೋಲು ಇಟ್ಟುಕೊಂಡು ಎಳೆದಿದ್ದರು.

ಇದಾಗಿ ಎರಡು ವರ್ಷಕ್ಕೆ, ಮೂವತ್ತನಾಲ್ಕನೆಯ ಇಸವಿಯ ಚಳಿಗಾಲದಲ್ಲಿ, ಸುಲಭಾಬಾಯಿಗೆ ಕಾಗದ ಬಂತು. ಹುಸೇನಬಾಷಾ ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗಿಬಿಟ್ಟಿದ್ದ. ನಿರುಪಮಾಗೆ ಏಳು ತಿಂಗಳು. "ಅವ್ವಾ," ಎಂದು ಬರೆದಿದ್ದಳು, "ನಮ್ಮ ಅತ್ತಿ ಅಂತಾಳ, ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು, ಅದು ನಿಮ್ಮವ್ವನ ಹಕ್ಕು ಅಂತ. ಇವರೊಳಗ ಗಂಡ ಹೋದಾಕಿ ಹೆರಿಗಿ ಆಗೂತನಾ ಹೊಸ್ತಿಲಾ ದಾಟಬಾರದು. ಓಣ್ಯಾಗ ಮಂದಿ ಬೈಯಾಕತ್ತಾರ. ಬೈಲಿ, ದೇವರ ಮುಂದ ನಾ ಜವಾಬ ಹೇಳತೇನಿ ಅಂತಾಳ ಅತ್ತಿ. ರವಿವಾರ ಪ್ರಾರ್ಥನಿ ಬಿಡೂ ಹೊತ್ತಿಗೆ ಆಕೀನ ನನ್ನ ಕರಕೊಂಡ ಬರತಾಳ. ನನ್ನ ಕಾಲು ಬಾತಾವು, ತಲಿ ಸುತ್ತತೈತಿ. ಅವ್ವಾ, ನಿನ್ನ ಕೈ ಬೇಕು. ಅಪ್ಪ ಏನಂತಾನು?"

ಕಾಲು ಬಾತಿವೆ, ತಲೆ ಸುತ್ತುತ್ತದೆ ಎಂಬ ಮಾತನ್ನು ಸುಲಭಾಬಾಯಿ ಮಾಸ್ತರರಿಂದ ಎರಡು ಸಲ ಓದಿಸಿಕೊಂಡಳು. ಅಂಥ ಬಸುರಿಯರನ್ನು ಅವಳು ನೋಡಿದ್ದಳು. ಕೆಲವರನ್ನು ಉಳಿಸಿದ್ದಳು, ಕೆಲವರನ್ನು ಮಣ್ಣು ಮಾಡಿ ಬಂದಿದ್ದಳು.

"ಆಕಿ ನನ್ನ ಕಣ್ಣ ಮುಂದನ ಇರಬೇಕ್ರಿ," ಎಂದಳು. "ಬ್ಯಾರೆ ಏನೂ ಕೇಳೂದಿಲ್ಲ ನಾ."

ಮಾಸ್ತರರು ಸಭೆಯ ಹಿರಿಯರಿಗೆ ಹೇಳದೆ ಇರುವಂತಿರಲಿಲ್ಲ, ಮನೆಯೇ ಮಿಶನ್ನಿನದು. ಪಾದ್ರಿಗಳು ರಜೆಯ ಮೇಲೆ ತಮ್ಮ ದೇಶಕ್ಕೆ ಹೋಗಿದ್ದರು. ಅವರ ಜಾಗದಲ್ಲಿ ಮಾತು ನಡೆಯುತ್ತಿದ್ದದ್ದು ಹಿರಿಯ ಸಮುವೇಲಪ್ಪನದು. ಸಮುವೇಲಪ್ಪ ಕೆಟ್ಟವನಲ್ಲ, ನೇಮದವನು. ಶನಿವಾರ ಮಧ್ಯಾಹ್ನ ಹಿರಿಯರು ಕೂಡಿದರು. "ಬರಲಿ ಮಾಸ್ತರ, ಯಾರು ಬ್ಯಾಡಂತಾರ? ಆದ್ರ ಕಂಪೌಂಡಿನ ಬಾಗಲಾ ದಾಟೂಕಿಂತಾ ಮದಲ ತಪ್ಪೊಪ್ಪಿಗಿ ಸಹಿ ಮಾಡಬೇಕು. ಇಲ್ಲಂದ್ರ ನಾಳೆ ಎಲ್ಲಾರ ಮಕ್ಕಳೂ ಇದ ದಾರಿ ಹಿಡೀತಾವು. ನೀವ ಬರೀರಿ, ನಿಮ್ಮ ಅಕ್ಷರ ಚೆಂದ."

ಮಾಸ್ತರರು ಬರೆದರು. ಹುಸೇನಬಾಷಾ ಎಂಬವನೊಡನೆ ನಾನು ಬಾಳಿದ್ದು ಮದುವೆಯಲ್ಲ, ವ್ಯಭಿಚಾರವೆಂದು ದೇವರ ಮುಂದೆಯೂ ಸಭೆಯ ಮುಂದೆಯೂ ಒಪ್ಪಿಕೊಳ್ಳುತ್ತೇನೆ. ಬರೆಯುವಾಗ ಅವರಿಗೆ ಹಿಂಜರಿಕೆ ಆಗಲಿಲ್ಲವೆಂದಲ್ಲ. ಆದರೆ ಅವರ ತಲೆಯಲ್ಲಿ ಒಂದು ಲೆಕ್ಕವಿತ್ತು. ಈ ಕಾಗದ ಸಮುವೇಲಪ್ಪನ ಕೈಯಲ್ಲಿರಲಿ. ನಾಳೆ ನಾನು ಮೊದಲು ಹೋಗಿ ಅವಳ ಕೈ ಹಿಡಿಯುತ್ತೇನೆ. ತಂದೆ ಕೈ ಹಿಡಿದು ಕರೆತರುವ ಮಗಳ ಮುಂದೆ ಕಾಗದ ಚಾಚುವಷ್ಟು ಗಟ್ಟಿ ಎದೆ ಸಮುವೇಲಪ್ಪನಿಗೂ ಇಲ್ಲ. ತಾವು ಬರೆದದ್ದೇ ಆ ಗಡಿಗೆ ಎಂದು, ಹತ್ತು ವರ್ಷ ಗಡಿಗೆಯ ಅರ್ಥ ಹೇಳಿದ ಮನುಷ್ಯನಿಗೆ ಹೊಳೆಯಲಿಲ್ಲ.

ಮನೆಗೆ ಬಂದಾಗ ಸುಲಭಾಬಾಯಿ ಕುಂಬಾರನಿಂದ ಒಂದು ಹೊಸ ಗಡಿಗೆ ತಂದು ತೊಳೆಯುತ್ತಿದ್ದಳು.

"ಇದು ಯಾಕ?"

"ನೀವ ಹೇಳಿದ್ರೆಲ್ಲಾ, ತಿರುಗಿ ಬಂದವರಿಗೆ ಎರಡನೇ ಗಡಿಗಿ ಅಂತ. ನೀರು ತುಂಬಿ ಇಡತೇನಿ. ನಾವು ಮೂರೂ ಮಂದಿ ಅದರಾಗಿಂದ ಮೈಮ್ಯಾಲೆ ಹಾಕ್ಕೊಳ್ಳೂಣು." ಆಮೇಲೆ ತಲೆ ಎತ್ತಿ ನೋಡಿದಳು. "ಸಮುವೇಲಪ್ಪಣ್ಣಾಗಿಂತ ಮುಂಚೆ ಹೋಗತೀರಿ ಹೌದಲ್ರಿ?"

"ಓಡತೇನಿ," ಎಂದರು ಮಾಸ್ತರರು. ಹೇಳಿ ತಾವೇ ಬೆರಗಾದರು. ಸುಲಭಾಬಾಯಿ ಎಷ್ಟೋ ದಿನದ ಮೇಲೆ ನಕ್ಕಳು.

ರವಿವಾರ ದೇವಾಲಯದಲ್ಲಿ ಉಪದೇಶದ ಪ್ರಸಂಗ ಮಾಸ್ತರರದೇ. ಅವರು ಬೇರೆ ಕತೆ ಆರಿಸಲಿಲ್ಲ. ಸಭೆಯ ಮನಸ್ಸನ್ನು ಮೊದಲೇ ಹದ ಮಾಡಿ ಇಡೋಣ ಎಂಬ ಆಸೆ. ಗಡಿಗೆಯ ಮಾತು ಹೇಳಿದರು, ಹುರಿದ ಕಾಳು ಬೀದಿಯಲ್ಲಿ ಚೆಲ್ಲುವುದನ್ನು ಹೇಳಿದರು, ತಮ್ಮದೇ ಕೆರೆಯ ದಂಡೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದರು. ಓಡುವ ತಂದೆಯನ್ನು ಹೇಳುವಾಗ ಅವರ ಕೈ ತಾನಾಗಿ ಧೋತರದ ಅಂಚಿಗೆ ಹೋಯಿತು. ಹೆಂಗಸರು ಬಿಕ್ಕಿದರು. ಹಾರ್ಮೋನಿಯಂ ಬಾರಿಸುವವನು ಸ್ವರ ತಪ್ಪಿದ. ಮಾಸ್ತರರಿಗೇ ಗಂಟಲು ಕಟ್ಟಿ ಕೊನೆಯ ಪ್ರಾರ್ಥನೆಯನ್ನು ಬೇರೆಯವರು ಮಾಡಬೇಕಾಯಿತು. ಅಂಥ ಪ್ರಸಂಗ ಆ ದೇವಾಲಯದಲ್ಲಿ ಅದಕ್ಕೂ ಮುಂಚೆ ಆಗಿರಲಿಲ್ಲ.

ಅದೇ ಮುಳುವಾಯಿತು. ಪ್ರಾರ್ಥನೆ ಬಿಟ್ಟದ್ದೇ ತಡ, ದೇವಾಲಯದ ಬಾಗಿಲಲ್ಲಿ ಮಂದಿ ಮುತ್ತಿಕೊಂಡರು. ಒಬ್ಬರು ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಒಬ್ಬಳು ಮುದುಕಿ ತನ್ನ ಮಗ ಮುಂಬಯಿಗೆ ಹೋದದ್ದನ್ನು ಮೊದಲಿನಿಂದ ಹೇಳತೊಡಗಿದಳು. "ಓಡಿದಾ ಅಂದ್ರೆಲ್ಲಾ ಮಾಸ್ತರ, ನನಗ ಮೈ ಜುಮ್ ಅಂತು," ಎಂದ ಇನ್ನೊಬ್ಬ. ಮಾಸ್ತರರು ಬಿಡಿಸಿಕೊಳ್ಳಲಿಲ್ಲ. ಇನ್ನೂ ಹೊತ್ತಿದೆ ಎಂದುಕೊಂಡರು. ಹೊಗಳಿಕೆ ಅವರಿಗೆ ಇಷ್ಟವಾಗಿತ್ತು ಎಂಬುದನ್ನೂ ಹೇಳಿಬಿಡಬೇಕು.

ಮಂದಿಯ ತಲೆಗಳ ಮೇಲಿಂದ ನೋಡಿದಾಗ ಸಮುವೇಲಪ್ಪ ಇನ್ನಿಬ್ಬರು ಹಿರಿಯರ ಜೊತೆ ಅರ್ಧ ದಾರಿಯಲ್ಲಿದ್ದ, ಕೈಯಲ್ಲಿ ಕಾಗದ. ದೇವಾಲಯದಿಂದ ಕಂಪೌಂಡಿನ ಬಾಗಿಲಿಗೆ ಇಳಿಜಾರಾದ ನೇರ ದಾರಿ, ಕೆಂಪು ಮಣ್ಣಿನದು. ಬಾಗಿಲ ಆಚೆ, ಸ್ವಲ್ಪ ದೂರದಲ್ಲಿ, ಸ್ಟೇಶನ್ನಿನ ಟಾಂಗಾ ನಿಂತಿತ್ತು. ಕಪ್ಪು ಬುರಖಾದ ಹೆಂಗಸೊಬ್ಬಳು ಟಾಂಗಾದ ಹತ್ತಿರವೇ ಉಳಿದಳು. ಇನ್ನೊಬ್ಬಳು, ತಲೆಯ ಮೇಲೆ ಸೆರಗು, ಹೊಟ್ಟೆಯ ಮೇಲೆ ಒಂದು ಕೈ, ಬಾಗಿಲ ಕಡೆ ಬರುತ್ತಿದ್ದಳು.

ಮಾಸ್ತರರು ಮೆಟ್ಟಿಲಿಳಿದರು. ಸಮುವೇಲಪ್ಪ ನಿಧಾನದವನು. ಓಡಿದರೆ ದಾಟಬಹುದಿತ್ತು, ಆರಾಮಾಗಿ ದಾಟಬಹುದಿತ್ತು. ಅವರು ಬಗ್ಗಿ ನಿರಿಗೆಗಳನ್ನು ಮುಷ್ಟಿಯಲ್ಲಿ ಹಿಡಿದರು. ಮೀನಖಂಡದ ಮೇಲೆ ಗಾಳಿ ತಣ್ಣಗೆ ತಾಗಿತು. ಹಿಂದೆ ಮೆಟ್ಟಿಲ ಮೇಲೆ ಇಡೀ ಸಭೆ ನಿಂತಿತ್ತು, ಅವರ ಶಿಷ್ಯರು, ಶಿಷ್ಯರ ಹೆಂಡಂದಿರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಒಂದು ಕ್ಷಣ ಮಾತ್ರ. ಕೈ ಬಿಟ್ಟಿತು. ಧೋತರ ಮತ್ತೆ ಪಾದ ಮುಟ್ಟಿತು, ಮತ್ತು ಮಾಸ್ತರರು ನಡೆದರು. ಲಗೂ ಲಗೂ ನಡೆದರು, ಅಷ್ಟು ಲಗೂ ಅವರು ಯಾವತ್ತೂ ನಡೆದಿರಲಿಲ್ಲ. ಆದರೂ ಅದು ನಡಿಗೆಯೇ.

ಅವರು ಬಾಗಿಲಿಗೆ ಇನ್ನೂ ನಲವತ್ತು ಹೆಜ್ಜೆ ದೂರದಲ್ಲಿರುವಾಗ ಸಮುವೇಲಪ್ಪ ಕಾಗದ ಚಾಚಿದ. "ನಿರೂ ತಂಗೀ, ಇದನ್ನ ಓದಿ ಸಹಿ ಮಾಡವಾ. ಆಮ್ಯಾಲೆ ಎಲ್ಲಾ ಛಲೋ ಆಗತೈತಿ."

ನಿರುಪಮಾ ಕಾಗದ ತೆಗೆದುಕೊಳ್ಳಲಿಲ್ಲ. ಸಮುವೇಲಪ್ಪನ ಹೆಗಲ ಮೇಲಿಂದ ಅಪ್ಪನನ್ನು ನೋಡಿದಳು. ಮುಖ ನೋಡಲಿಲ್ಲ, ಕಾಲು ನೋಡಿದಳು. ಇಳಿಬಿದ್ದ ಧೋತರ, ಅದರ ಕೆಳಗೆ ಒಂದರ ಮುಂದೊಂದು ಬರುತ್ತಿದ್ದ ಜೋಡು. ಆಮೇಲೆ ಕಾಗದಕ್ಕೆ ಕೈ ಚಾಚಿದಳು.

ಅವಳು ಅಕ್ಷರ ಕಲಿತದ್ದೇ ಆ ಕೈಬರಹ ನೋಡಿ. ಓದುವಾಗ ಮೊದಲ ಸಾಲಿಗೇ ಅವಳ ತುಟಿ ನಿಂತಿತು. ಪೂರ್ತಿ ಓದಿದಳು. "ಅಪ್ಪನ ಅಕ್ಷರ ಇನ್ನೂ ಹಂಗ ಅದಾವಲ್ಲರಿ ಕಾಕಾ," ಎಂದಳು. "ಸತ್ತಾಂವ ನನ್ನ ಗಂಡರಿ. ಅದಲ್ಲ ಅಂತ ನಾ ಹೆಂಗ ಬರದು ಕೊಡ್ಲಿ? ಹೊಟ್ಟ್ಯಾಗಿಂದು ಕೇಳತದ." ಕಾಗದವನ್ನು ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟು, ತಿರುಗಿದಳು.

"ನಿರೂ!" ಎಂದರು ಮಾಸ್ತರರು. ಪ್ರಸಂಗದಲ್ಲಿ ಕಟ್ಟಿದ ಗಂಟಲು, ಕೂಗು ಸಮುವೇಲಪ್ಪನವರೆಗೂ ಮುಟ್ಟಲಿಲ್ಲ.

ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನಿರುಪಮಾ ತೂಗಿದಳು. ದಾರಿ ಬದಿಯ ಕಲ್ಲು ಹಿಡಿದು ಕೂತುಬಿಟ್ಟಳು. ಟಾಂಗಾದ ಹತ್ತಿರವಿದ್ದ ಹಾಜರಾಬಿ ಅದನ್ನು ಕಂಡಳು, ಕಂಡವಳೇ ಓಡಿದಳು. ಅರವತ್ತರ ಹೆಂಗಸು, ಮೊಣಕಾಲು ನೋವಿನವಳು, ಬುರಖಾವನ್ನು ಎರಡೂ ಕೈಯಿಂದ ಮೊಣಕಾಲ ತನಕ ಎತ್ತಿ ಹಿಡಿದು ಎತ್ತೆತ್ತಲೋ ಹೆಜ್ಜೆ ಹಾಕುತ್ತ ಓಡಿದಳು. ಒಂದು ಚಪ್ಪಲಿ ಹಿಂದೆ ಉಳಿಯಿತು. ಮುಖದ ಪರದೆ ಹಾರಿ ಹಿಂದೆ ಬಿತ್ತು. ಒಣಗಿದ ಜಾಲಿಯ ಕಡ್ಡಿಯಂಥ ಅವಳ ಕಾಲುಗಳು ಇಡೀ ಕಂಪೌಂಡಿಗೆ ಕಂಡವು. "ಯಾ ಅಲ್ಲಾ, ಬೇಟೀ, ಬಂದೆನವ್ವಾ, ಬಂದೆ!"

ದೇವಾಲಯದ ಮೆಟ್ಟಿಲ ಮೇಲೆ ಯಾರೋ ಕಿಸಕ್ಕೆಂದು ನಕ್ಕರು. ಆಮೇಲೆ ಇನ್ನೊಬ್ಬರು. ನಗೆ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು. ಅರ್ಧ ಗಂಟೆಯ ಹಿಂದೆ ಅತ್ತಿದ್ದ ಕಣ್ಣುಗಳೆಲ್ಲ ಈಗ ಓಡುವ ಮುದುಕಿಯ ಮೇಲೆ ಇದ್ದವು. ಆ ಹೊತ್ತಿನಲ್ಲಿ ನಿರುಪಮಾಳ ಕಡೆ, ಅವಳ ಹೊಟ್ಟೆಯ ಕಡೆ, ಅವಳ ಕಣ್ಣೀರಿನ ಕಡೆ ಯಾರೂ ನೋಡಲಿಲ್ಲ. ಹಾಜರಾಬಿ ಅವಳನ್ನು ಎಬ್ಬಿಸಿ ತನ್ನ ಬುರಖಾದ ಸೆರಗಿನೊಳಗೆ ತೆಗೆದುಕೊಂಡಳು. ಇಬ್ಬರೂ ಟಾಂಗಾ ಹತ್ತಿದರು.

ಮಾಸ್ತರರು ಬಾಗಿಲಿಗೆ ಬಂದು ಮುಟ್ಟಿದಾಗ ಟಾಂಗಾ ತಿರುಗಿತ್ತು. ದಾರಿಯಲ್ಲಿ ಒಂದು ಚಪ್ಪಲಿ ಬಿದ್ದಿತ್ತು. ಸಮುವೇಲಪ್ಪ ಕಾಗದವನ್ನು ಮಡಿಸಿ ಕಿಸೆಯಲ್ಲಿಟ್ಟ. ಅವನಿಗೂ ಖರೆ ದುಃಖವಾಗಿತ್ತು. "ಬಿಡ್ರಿ ಮಾಸ್ತರ, ನಮ್ಮದು ನಾವು ಮಾಡೇವಿ," ಎಂದ. ಸಮಾಧಾನ ಹೇಳಬೇಕೆಂದು ಸೇರಿಸಿದ, "ಇವತ್ತಿನ ಪ್ರಸಂಗ ಮಾತ್ರ ಭಾಳ ಛಲೋ ಆತ್ರಿ."

ಮಾಸ್ತರರು ತಲೆ ಬಗ್ಗಿಸಿ ತಮ್ಮ ಧೋತರ ನೋಡಿಕೊಂಡರು. ನಿರಿಗೆಯ ಮೇಲೆ ಮುಷ್ಟಿ ಹಿಡಿದ ಜಾಗ ಮುದುಡಿತ್ತು. ಬೆವರಿನಿಂದ ಸ್ವಲ್ಪ ಒದ್ದೆಯಾಗಿತ್ತು. ಅದನ್ನು ನೋಡುತ್ತಿದ್ದಂತೆ ಕೆರೆಯ ದಂಡೆಯ ಮೇಲೆ ಬಗ್ಗಿದ ಅಪ್ಪ ಕಂಡರು. ಅಪ್ಪ ಒದ್ದೆ ಹಿಂಡಿಕೊಂಡಿರಲಿಲ್ಲ. ಹಿಂಡುವವನು ಮರದ ಕಡೆ ನೋಡುತ್ತ ಹಿಂಡುವುದಿಲ್ಲ. ಇಪ್ಪತ್ತೆಂಟು ವರ್ಷ ಆ ಮನುಷ್ಯನನ್ನು ದ್ವೇಷಿಸಿದ್ದರು ಮಾಸ್ತರರು, ಆ ದ್ವೇಷದಿಂದ ಎಷ್ಟೋ ಒಳ್ಳೆಯ ಪ್ರಸಂಗಗಳನ್ನು ಮಾಡಿದ್ದರು. ಈಗ ಕ್ಷಮಿಸೋಣವೆಂದರೆ ಅಪ್ಪ ಇರಲಿಲ್ಲ, ಮತ್ತು ತಮ್ಮನ್ನು ಕ್ಷಮಿಸಬೇಕಾದವಳು ಟಾಂಗಾದಲ್ಲಿದ್ದಳು. ಅವರು ಚಪ್ಪಲಿಯನ್ನು ಎತ್ತಿಕೊಂಡರು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಮನೆಗೆ ಬಂದರು.

ಸುಲಭಾಬಾಯಿ ಹೊಸ್ತಿಲಲ್ಲಿ ಕೂತಿದ್ದಳು. ಅಲ್ಲಿಂದ ದಾರಿ ಪೂರ್ತಿ ಕಾಣುತ್ತದೆ. ಅವಳ ಪಕ್ಕದಲ್ಲಿ ಹೊಸ ಗಡಿಗೆ, ಬಾಯಿತನಕ ನೀರು. ಬಿಸಿಲಿಗೆ ಮಣ್ಣು ಜಿನುಗಿ ಹೊರಗೆಲ್ಲ ತೇವವಾಗಿತ್ತು. ಒಳಗೆ ಹಾಸಿಗೆ ಹಾಸಿತ್ತು, ಒಲೆಯ ಮೇಲೆ ಗಂಜಿ ಇತ್ತು.

"ಆಕಿ ಕಾಲು ಭಾಳ ಬಾತಿದ್ವು," ಎಂದಳು. "ಇಲ್ಲಿಂದನ ಕಂಡ್ವು ನನಗ."

ಮಾಸ್ತರರು ಏನೋ ಹೇಳಲು ಹೋದರು. ಅವಳು ಕೇಳಲಿಲ್ಲ. "ಓಡತೇನಿ ಅಂದಿದ್ರಿ," ಎಂದಳು, ಸಿಟ್ಟಿಲ್ಲದೆ. ಎದ್ದು ಒಳಗೆ ಹೋಗಿ ಹೆರಿಗೆಯ ಚೀಲ ತಂದಳು. ಸೆರಗು ಬಿಗಿದು ಕಟ್ಟಿದಳು, ಸೀರೆಯನ್ನು ಮೇಲೆತ್ತಿ ಸಿಕ್ಕಿಸಿದಳು. ಅವರ ಕೈಯಲ್ಲಿದ್ದ ಚಪ್ಪಲಿಯನ್ನೂ ತೆಗೆದುಕೊಂಡು ಚೀಲಕ್ಕೆ ಹಾಕಿದಳು.

ಮಾಸ್ತರರು ಗಡಿಗೆಯ ಕಡೆ ನೋಡಿದರು. "ಇದನ್ನ ಏನು ಮಾಡೂದು?"

"ಇರಲಿ ಬಿಡ್ರಿ. ಇವತ್ತ ಒಂದು ಒಡದೇರಿ, ಸಾಕು," ಎಂದು ಸುಲಭಾಬಾಯಿ ಅಂಗಳ ದಾಟಿ, ಇಳಿಜಾರಿನ ದಾರಿಗೆ ಬಿದ್ದು, ಸ್ಟೇಶನ್ನಿನ ಕಡೆಗೆ ಓಡತೊಡಗಿದಳು. ಸಭೆ ಇನ್ನೂ ಚದುರಿರಲಿಲ್ಲ. ಮಾಸ್ತರರು ಹೊಸ್ತಿಲಲ್ಲೇ ನಿಂತಿದ್ದರು.